ಗಡಿಗಿ ಬಡದಂಗ

ಕುಂದಗೋಳ ಬಸ್ ನಿಲ್ದಾಣದಲ್ಲಿ ಒಬ್ಬ ಯುವಕ ಹಳೆಯ ಗೇರ್ ಸೈಕಲ್ಲಿನ ಉಕ್ಕಿನ ಫ್ರೇಮ್ ಹಿಡಿದು ಕೂತಿದ್ದ. ಪಕ್ಕದಲ್ಲಿ, ಹೊಸ ಮಣ್ಣಿನ ಗಡಿಗೆ ಕೊಂಡಿದ್ದ ಅಜ್ಜಿ.

“ಹೊಸಾದೇನಪಾ?”

“ಮೂವತ್ತ ವರ್ಷದ್ದ್ರಿ ಆಯಿ. ತುಕ್ಕು ತಿಕ್ಕಿ ಬಣ್ಣಾ ಹಚ್ಚೇನ್ರಿ. ನಾಳೆ ಗಾಲಿ ಹಾಕಿ ಇದರ ಮ್ಯಾಲೆ ಗುಡ್ಡಾ ಇಳೀತೇನ್ರಿ.”

“ಬಡದು ನೋಡೀಯೇನು?”

“ಬಡಿಯೂದ್ರಿ?”

“ಎತ್ತಿ ಹಿಡಿ.”

ಗಡಿಗೆ ಕೊಳ್ಳುವಾಗ ಬಡಿಯುವಂತೆ ಅಜ್ಜಿ ಬೆರಳಗೆಣ್ಣಿನಿಂದ ಫ್ರೇಮಿನ ಒಂದೊಂದೇ ಕೊಳವೆ ಬಡಿದಳು. ಟಣ್. ಟಣ್. ಟಪ್.

“ಇಲ್ಲಿ ಸೀಳೈತಿ.”

ಅವನು ಉಗುರಿನಿಂದ ಬಣ್ಣ ಕೆರೆದ. ಕೂದಲೆಳೆಯಷ್ಟು ಬಿರುಕು.

“ಏನ್ ಕಿವಿರೀ ಆಯಿ ನಿಮ್ಮವು! ಎರಡ ತಿಂಗಳಿಂದ ನೋಡಾಕತ್ತೇನಿ, ನನಗ ಕಂಡಿಲ್ರಿ!”

“ನೀ ಬರೇ ನೋಡೀಯಪಾ. ಅದನ್ನ ಮಾತಾಡಿಸಿಲ್ಲ.”

ಕುಬಿಹಾಳದ ಬಸ್ಸು ಬಂತು. ಅಜ್ಜಿ ಹತ್ತಿದಳು. ಅವನದೂ ಅದೇ ಬಸ್ಸು, ಹತ್ತಲಿಲ್ಲ. ಫ್ರೇಮನ್ನು ಬಡಿದು ಬಡಿದು ಕಿವಿಗೆ ಹಿಡಿಯುತ್ತ ವೆಲ್ಡಿಂಗ್ ಅಂಗಡಿಯತ್ತ ನಡೆದ.