ಎಡಕ್ಕೆ ಎಳೆಯುವ ಪಿಸ್ತೂಲು

ಪರದೇಶದ ಹೇಸ್ ರೈಲು ಸ್ಟೇಷನ್ನಿನಲ್ಲಿ ಪಕ್ಕದ ಬೆಂಚಿನ ಗಂಡಹೆಂಡತಿ ಕನ್ನಡದಲ್ಲಿ ಪಿಸ್ತೂಲಿನ ಮಾತೆತ್ತಿದಾಗ ವಿಶಾಲಾಕ್ಷಿಯವರು ಬೆಚ್ಚಿ ಅತ್ತ ತಿರುಗಿದರು. ಅದು ಶೂಟಿಂಗ್ ಕ್ಲಬ್ಬಿನ ಏರ್ ಪಿಸ್ತೂಲೆಂದು ತಿಳಿದ ಮೇಲೆ ಕಿವಿ ಅಲ್ಲೇ ಅಂಟಿಕೊಂಡಿತು.

"ಈ ಅಗ್ಗದ ಸೆಮಿ ಆಟೋಮ್ಯಾಟಿಕ್ ಸಾಕಾಗೋಯ್ತು ಕಣೆ. ಒಳ್ಳೇದೊಂದು ತಗೋತೀನಿ."

"ಇದಕ್ಕೇನಾಗಿದೆ?"

"ಎಡಕ್ಕೆ ಎಳೆಯತ್ತೆ, ಗುರಿ ತಪ್ಪತ್ತೆ. ಅದಕ್ಕೇ ನಂಗೆ ನೂರಕ್ಕೆ ಅರವತ್ತು ಬಂದಿದ್ದು."

"ನಾನೂ ಇದರಲ್ಲೇ ಹೊಡೆದಿದ್ದು ಕಣ್ರೀ. ತೊಂಬತ್ತೊಂದು ಬಂತಲ್ಲ?"

"ಹೂಂ, ಕ್ಲಬ್ಬಿಗೆ ಕ್ಲಬ್ಬೇ ಚಪ್ಪಾಳೆ ತಟ್ತು. ಕೇಳಿಸ್ತು."

"ಹೊಟ್ಟೆ ಉರೀತಿದ್ಯಾ?"

"ನಂಗ್ಯಾಕೆ ಉರೀಬೇಕು!"

"ಸರಿ, ಹೊಸದು ತಗೊಳ್ಳಿ. ಹಳೇದು ನಂಗಿರ್ಲಿ. ಬರೋ ಭಾನುವಾರ ಇಬ್ರೂ ಹೊಡೆದು ನೋಡೋಣ."

ರೈಲು ಬಂದು ನಿಂತ ಮೇಲೆ ಗಂಡ ಚೀಲ ಎತ್ತಿಕೊಂಡು ಎದ್ದ.

"ಹೊಸದು ಬೇಡ ಬಿಡು. ಇದನ್ನೇ ಬೈಕೊಂಡು ಇರ್ತೀನಿ."