ಗೊರಬು ಹಾಕಿದ ಹೆಂಗಸಿನ ಪಟ

ಬಣಕಲ್ಲಿನ ಹತ್ತಿರ ಹೆದ್ದಾರಿಗೆ ಮರ ಬಿದ್ದು, ಅಂದು ಸಂಜೆ ನಾವು ಮೂವರು ಗಂಗಾಧರಪ್ಪನವರ ಅಂಗಡಿಯಲ್ಲಿ ಉಳಿದುಬಿಟ್ಟೆವು. ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ನಾನು ಅಜ್ಜಿಯ ಫೋಟೋಕ್ಕೆ ಹೊಸ ಗಾಜು ಹಾಕಿಸಲು ಹೋಗಿದ್ದೆ. ಜೀಪಿನ ಉಮೇಶ್ ಮಳೆಯ ಹೊಡೆತಕ್ಕೆ ಒಳಗೆ ನುಗ್ಗಿದ್ದ. ಬಯಲುಸೀಮೆಯಿಂದ ಈ ವರ್ಷವಷ್ಟೇ ವರ್ಗವಾಗಿ ಬಂದ ಸೌಮ್ಯ ಟೀಚರ್ ಒದ್ದೆ ಕೊಡೆಯನ್ನು ಬಾಗಿಲಲ್ಲಿ ಮಡಚಿಟ್ಟು, ಮೂಲೆಯ ಬೆಂಚಿನ ಮೇಲೆ ಕಾಲು ಮುದುರಿ ಕುಳಿತಿದ್ದರು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಹತ್ತಿರ ಸರಿದು ಕೂರಬೇಕಿತ್ತು.

ಗಂಗಾಧರಪ್ಪನವರಿಗೆ ಎಪ್ಪತ್ತನಾಲ್ಕು ವರ್ಷ. ಸುತ್ತಲಿನ ಎಸ್ಟೇಟ್ ಬಂಗಲೆಗಳ ಗೋಡೆಯ ಮೇಲೆ ಯಾವ ಪಟ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು.

"ಇಷ್ಟು ವರ್ಷದಲ್ಲಿ ನಿಮಗೆ ಗುರುತು ಸಿಗದ ಪಟ ಯಾವುದಾದ್ರೂ ಇತ್ತಾ ಸಾರ್?" ಎಂದು ಸೌಮ್ಯ ಟೀಚರ್ ಹೊತ್ತು ಕಳೆಯಲು ಕೇಳಿದರು.

"ಸಿಗದೇ ಇದ್ದಿದ್ರೆ ಚೆನ್ನಾಗಿತ್ತು. ಸಿಕ್ಕಿದ್ದೇ ತೊಂದ್ರೆ ಆಯ್ತು" ಎಂದು ಮುದುಕರು ಗಾಜು ಕತ್ತರಿಸುವುದನ್ನು ನಿಲ್ಲಿಸಿದರು. ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

ನಾಲ್ಕು ವರ್ಷದ ಹಿಂದೆ, ಇಂಥದೇ ಆಷಾಢದಲ್ಲಿ, ಮೇಘಶ್ರೀ ಅಂತ ಒಬ್ರು ಈ ಅಂಗಡಿಗೆ ಬಂದ್ರು. ಬಾಳೂರಿಂದ ಮೇಲಕ್ಕೆ ಒಂದು ಎಸ್ಟೇಟಿದೆ, ಹೆಸರು ಬೇಡ ಬಿಡಿ... ಅಲ್ಲಿನ ಸುಬ್ಬಣ್ಣ ಸಾವ್ಕಾರ್ರ ಮಗಳು. ಸಾವ್ಕಾರ್ರು ತೀರ್ಕಂಡು ಆಗಿನ್ನೂ ಮೂರು ತಿಂಗ್ಳು. ಕೈಲೊಂದು ಹಾಳೆ ಹಿಡ್ಕಂಡಿದ್ರು. 'ನಾನು ಚಿಕ್ಕೋಳಿದ್ದಾಗ ನಮ್ಮ ಊಟದ ಮನೇಲಿ ಒಂದು ದೊಡ್ಡ ಪಟ ಇತ್ತು. ಈಗಿಲ್ಲ. ನೆನಪಿದ್ದಷ್ಟು ಗೀಚ್ಕಂಡು ಬಂದೀನಿ. ನಮ್ಮನೆ ಪಟಕ್ಕೆಲ್ಲ ಕಟ್ಟು ಹಾಕಿದ್ದು ನೀವೇ ಅಲ್ವಾ, ಅದು ಯಾವ್ದು ಹೇಳಿ' ಅಂದ್ರು. ಅವ್ರ ಅನುಮಾನ ಎಲ್ಲಾ ಚಿಕ್ಕಪ್ಪ ಶಶಿಧರ್ ಮೇಲೆ. ಹಳೇ ಕಾಲದ ಪಟ, ಯಾರಿಗೂ ಹೇಳ್ದೆ ಸಾಗಿಸಿಬಿಟ್ಟಿದಾರೆ ಅಂತ. ಸಾಗಿಸೋಕೆ ನಾನೂ ಕೈ ಜೋಡಿಸಿದೀನೇನೋ ಅನ್ನೋ ಹಂಗೆ ನನ್ನ ಮುಖಾನೂ ಒಂಥರಾ ನೋಡಿದ್ರು.

ಹಾಳೆ ಬೆಳಕಿಗೆ ಹಿಡಿದೆ. ಸೊಂಟದಿಂದ ಮೇಲೆ ಒಬ್ಳು ಹೆಂಗ್ಸು. ತಲೆ ಮೇಲೆ ಗೊರಬು... ಟೀಚರ್ರೇ, ನೀವು ನೋಡಿರಲಿಕ್ಕಿಲ್ಲ, ಬಿದಿರು ಕಡ್ಡಿಗೆ ಎಲೆ ಹೆಣೆದು ಮಾಡ್ತಿದ್ರು, ಮಳೇಲಿ ಕೆಲ್ಸ ಮಾಡೋರಿಗೆ ತಲೆ ಬೆನ್ನು ಎರಡನ್ನೂ ಕಾಯ್ತಿತ್ತು. ಬಲಗೈ ಅಂಗೈ ಬಿಚ್ಚಿ ಮುಂದಕ್ಕೆ ಹಿಡಿದಾಳೆ. ಅಂಗೈಲಿ ಏನೋ ಕೆಂಪಗಿದೆ. ಹಿಂದೆ ತೋಟದ ನೆರಳಿಗೆ ಹಾಕೋ ಸಿಲ್ವರ್ ಮರ ಎರಡು. ಸುತ್ತ ಬೀಟೆ ಮರದ ಅಗಲ ಚೌಕಟ್ಟು. ಅವ್ರ ಮನೆಯೋರ ವಾಟ್ಸಾಪ್ ಗುಂಪಲ್ಲಿ ಎಲ್ರೂ ಸೇರಿ ತೀರ್ಮಾನ ಮಾಡಿದ್ರಂತೆ, ಅದು ಕಾಫಿ ಹಣ್ಣು ಕೊಯ್ಯೋ ಹೆಂಗಸಿನ ಪಟ, ಯಾರೋ ಇಂಗ್ಲಿಷ್ ದೊರೆ ಕಾಲದಲ್ಲಿ ಬರೆಸಿದ್ದು ಅಂತ. ಅಲ್ಲಾ ಉಮೇಶ, ನೀನೇ ಹೇಳು ಮಾರಾಯ, ಹಣ್ಣು ಕೊಯ್ಯೋದು ಯಾವಾಗ?

"ಡಿಸೆಂಬರ್ ಜನವರೀಲಿ" ಎಂದ ಉಮೇಶ್.

ಹ್ಞಾಂ... ಆಗ ಗೊರಬು ಯಾಕೆ ಬೇಕು? ಗೊರಬು ಹಾಕ್ಕಂಡು ನಿಂತಿದಾಳೆ ಅಂದ್ರೆ ಮುಂಗಾರು. ಮುಂಗಾರಲ್ಲಿ ಗಿಡದಲ್ಲಿ ಇರೋದು ಬರೀ ಹಸಿರು ಕಾಯಿ. ಹಂಗಾದ್ರೆ ಅಂಗೈಲಿ ಇರೋ ಕೆಂಪು ಏನು? ಅಷ್ಟು ಹೊತ್ತಿಗೆ ನಂಗೆ ಒಂದು ಮುಖ ನೆನಪಾಗೋಕೆ ಶುರುವಾಗಿತ್ತು. ಆದ್ರೂ ಕೇಳ್ದೆ, 'ಅಮ್ಮಾ, ಆ ಹೆಂಗ್ಸು ನಿಮ್ಮನ್ನ ನೋಡ್ತಿದ್ಲಾ?'

'ಇಲ್ಲ' ಅಂದ್ರು. 'ಪಕ್ಕಕ್ಕೆ ನೋಡ್ತಿದ್ಲು. ನಮ್ಮ ಎಡಗಡೆಗೆ, ಸ್ವಲ್ಪ ಮೇಲೆ. ಅಲ್ಲಿ ಎತ್ತರದಲ್ಲಿ ಯಾರೋ ನಿಂತಿದಾರೇನೋ, ಅವ್ರ ಹತ್ರ ಏನೋ ಕೇಳ್ತಿದಾಳೇನೋ ಅನ್ನೋ ಹಂಗೆ.'

ಹಾಳೇನ ಮೇಜಿನ ಮೇಲೆ ಇಟ್ಬಿಟ್ಟೆ. ಗೊತ್ತಿಲ್ಲಮ್ಮ, ಇಂಥ ಪಟಕ್ಕೆ ನಾನು ಕಟ್ಟು ಹಾಕಿಲ್ಲ ಅಂದೆ. 'ನೀವು ಏನೋ ಮುಚ್ಚಿಡ್ತಿದೀರಿ' ಅಂದ್ಬಿಟ್ಟು ಅವ್ರು ಹಾಳೇನ ಮೇಜಿನ ಮೇಲೇ ಬಿಟ್ಟು ಹೋದ್ರು. ಅವ್ರ ಅನುಮಾನ ಒಂದು ಥರ, ನಂದು ಇನ್ನೊಂದು ಥರ. ಇವ್ರಿಗೆ ಯಾರು ಹೇಳಿಕೊಟ್ರು? ನನ್ನ ಬಾಯಿ ಬಿಡಿಸೋಕೆ ಯಾರಾದ್ರೂ ಕಳ್ಸಿದಾರಾ? ಯಾಕಂದ್ರೆ ಆ ಹಾಳೇಲಿದ್ದದ್ದು ಒಂದೇ ಒಂದು ದಿನ, ಒಂದು ಮಧ್ಯಾಹ್ನ ಆಗಿದ್ದು. ಎಪ್ಪತ್ತೊಂಬತ್ತನೇ ಇಸವಿ. ಮೇಘಶ್ರೀ ಹುಟ್ಟಿದ್ದು ಎಂಬತ್ತಮೂರರಲ್ಲಿ!

ಗಂಗಾಧರಪ್ಪನವರು ಇಲ್ಲಿ ಮಾತು ನಿಲ್ಲಿಸಿ ಎದ್ದು ಹೋಗಿ, ಮಳೆ ಸಿಡಿಯುತ್ತಿದ್ದ ಬಾಗಿಲನ್ನು ಅರ್ಧ ಮುಚ್ಚಿ ಬಂದರು.  ಮತ್ತೆ ಕುಳಿತು ಮುಂದುವರಿಸಿದರು.

ಆ ರಾತ್ರಿ ನಿದ್ದೆ ಎಲ್ಲಿ ಬರುತ್ತೆ? ಮಾರನೇ ದಿನ ಹತ್ತು ಗಂಟೆಗೆಲ್ಲ ಆ ಬಂಗ್ಲೇಲಿದ್ದೆ. ಮೇಘಶ್ರೀ ಊಟದ ಮನೆಗೆ ಕರ್ಕಂಡು ಹೋಗಿ ಗೋಡೆ ತೋರಿಸಿದ್ರು. ಸುಣ್ಣ ಬಳಿದ ಗೋಡೆ, ಮೇಲೊಂದು ಕ್ಯಾಲೆಂಡರು. ನಾನು ಬೆರಳಲ್ಲಿ ಕುಟ್ಟುತ್ತಾ ಬಂದೆ. ಮೊದ್ಲು ಕಲ್ಲು, ಆಮೇಲೆ ಮೂರಡಿ ಅಗಲಕ್ಕೆ ಇಟ್ಟಿಗೆ, ಆಮೇಲೆ ಮತ್ತೆ ಕಲ್ಲು. 'ಅಮ್ಮಾ, ಇಲ್ಲಿ ಇದ್ದದ್ದು ಪಟ ಅಲ್ಲ' ಅಂದೆ, 'ಕಿಟಕಿ.'

ಅಲ್ಲೇ ಇದ್ದ ಶಶಿಧರ್ 'ಹಳೇದೆಲ್ಲ ಈಗ್ಯಾಕೆ ಗಂಗಾಧರಪ್ಪ' ಅಂದ್ರು. ಆದ್ರೆ ನಲವತ್ತು ವರ್ಷ ನುಂಗಿಕೊಂಡದ್ದು ಒಂದ್ಸಲ ಗಂಟಲಿಗೆ ಬಂದ್ರೆ ವಾಪಸ್ ಹೋಗುತ್ತಾ?

ಆಗ ನಂಗೆ ಇಪ್ಪತ್ತೆಂಟು ವರ್ಷ. ಸಾವ್ಕಾರ್ರ ಅಪ್ಪನ ಫೋಟೋಕ್ಕೆ ಕಟ್ಟು ಹಾಕಿ ತಂದು, ಕಿಟಕಿ ಎಡಗಡೆ ಸ್ಟೂಲ್ ಹತ್ತಿ ಮೊಳೆ ಹೊಡೀತಿದ್ದೆ. ಸಾವ್ಕಾರ್ರು ನೆಂಟರ ಜೊತೆ ಊಟಕ್ಕೆ ಕೂತಿದ್ರು. ಕಿಟಕಿ ಹೊರಗೆ ಒಂದು ಅಂಗಳ, ಅದರ ಕೆಳಗೆ ಇಳಿಜಾರಲ್ಲಿ ಕೆಲಸದೋರ ಲೈನು ಮನೆಗಳು. ಒಂಬತ್ತು ದಿನದಿಂದ ಬಿಡದ ಮಳೆ. ಆಗ ಲೈನಿನ ರಾಮಮ್ಮ ಓಡಿ ಬಂದು ಕಿಟಕಿ ಹತ್ರ ನಿಂತ್ಲು. ತಲೆ ಮೇಲೆ ಗೊರಬು, ಅಂಗೈಲಿ ಕೆಂಪು ಮಣ್ಣು. 'ಒಲೆ ಬುಡದಲ್ಲಿ ನೆಲ ಬಿರಿದೈತೆ ಅಯ್ಯಾ, ಕೆಂಪು ನೀರು ಉಕ್ಕುತೈತೆ. ಎಲ್ರೂ ಕೆಲಸಕ್ಕೆ ಹೋಗಿದಾರೆ. ಅತ್ತೆ ಹಾಸಿಗೆ ಹಿಡಿದಾಳೆ, ನನ್ ಕೈಲಿ ಎತ್ತಕಾಗಲ್ಲ, ಯಾರಾದ್ರೂ ಗಂಡಸರನ್ನ ಕಳ್ಸಿ...'

'ಊಟ ಆಗ್ಲಿ ಇರು' ಅಂದ್ರು ಸಾವ್ಕಾರ್ರು.

ಅವ್ಳು ಹೋಗ್ಲಿಲ್ಲ. ಸಾವ್ಕಾರ್ರನ್ನ ಬಿಟ್ಟು ನನ್ನ ಕಡೆ ನೋಡಿದ್ಲು. ನಾನು ಗಂಡಸು, ಎರಡು ಕೈ ಗಟ್ಟಿ ಇದ್ದೋನು. ಇಳಿದು ಓಡಿದ್ರೆ ಎಷ್ಟು ಹೊತ್ತಿನ ಕೆಲ್ಸ ಅದು? ಆದ್ರೆ ಸಾವ್ಕಾರ್ರು ಇರು ಅಂದಮೇಲೆ ನಾನು ಹೆಂಗೆ ಇಳೀಲಿ ಅಂತ... ಗೋಡೆ ಕಡೆ ತಿರುಗಿ ಇನ್ನೊಂದು ಮೊಳೆ ಹೊಡೆದೆ. ಮತ್ತೆ ನೋಡೋಷ್ಟರಲ್ಲಿ ಅವ್ಳು ಇರ್ಲಿಲ್ಲ. ಅತ್ತೆ ಹತ್ರ ವಾಪಸ್ ಹೋಗಿದ್ಲು. ಮಜ್ಜಿಗೆ ಬಡಿಸೋ ಹೊತ್ತಿಗೆ ಗುಡ್ಡ ಜಾರ್ತು. ಲೈನು, ಅಂಗಳ, ಎಲ್ಲಾ ಬಂಗ್ಲೆ ಗೋಡೆ ಬುಡದವರೆಗೂ ಕಿತ್ಕಂಡು ಹಳ್ಳಕ್ಕೆ ಹೋಯ್ತು. ಅತ್ತೆ ಸೊಸೆ ಇಬ್ರೂ ಸಿಗ್ಲಿಲ್ಲ. ವಿಚಾರಣೆಗೆ ಬಂದೋರು ಮೊದಲೇ ಯಾರಾದ್ರೂ ಬಂದು ಹೇಳಿದ್ರಾ ಅಂತ ಕೇಳಿದ್ರು. ಯಾರೂ ಬಂದಿರ್ಲಿಲ್ಲ ಅಂದ್ರು ಸಾವ್ಕಾರ್ರು. ನಾನೂ ಹಂಗೇ ಹೇಳ್ದೆ.

ಇಷ್ಟು ಹೇಳಿದಾಗ ಮೇಘಶ್ರೀ ಅಳಲಿಲ್ಲ, ಬೈಯಲೂ ಇಲ್ಲ. 'ನಾನು ನೋಡಿದ್ದು ಸುಳ್ಳಾ ಹಂಗಾದ್ರೆ?' ಅಂತ ಎದ್ದು ಹಿಂದುಗಡೆಗೆ ಹೋದ್ರು. ನಾವೂ ಹೋದ್ವಿ. ಆ ಗೋಡೆ ಹೊರಗೆ ಒಂದು ಗೇಣು ನೆಲ ಇಲ್ಲ ಸ್ವಾಮೀ... ಎರಡಾಳೆತ್ತರದ ಕಂದಕ. ಎಪ್ಪತ್ತೊಂಬತ್ತರಿಂದ ಹಂಗೇ ಇದೆ. ಅಲ್ಲಿ ಯಾರು ನಿಲ್ಲೋಕಾಗುತ್ತೆ?

ಒಳಗೆ ಬಂದಾಗ ಅವ್ರ ತಾಯಿ ಕೃಷ್ಣಮ್ಮನೋರು ಊಟದ ಮೇಜಿನ ಹತ್ರ ಕೂತಿದ್ರು. ಎಂಬತ್ತು ದಾಟಿದ ಜೀವ. 'ಪಟ ಅಂತ ಹೇಳಿದ್ದು ನಾನೇ ಕಣೇ' ಅಂದ್ರು. 'ಮಳೆ ಜೋರಾದ ದಿನ ಊಟದ ಹೊತ್ತಿಗೆ ಸರಿಯಾಗಿ ಬಂದು ನಿಲ್ತಿದ್ಲು. ನೀನು ತುತ್ತು ಬಾಯಲ್ಲಿಟ್ಕಂಡು ಅವಳನ್ನೇ ನೋಡ್ತಾ ಕೂರ್ತಿದ್ದೆ, ಅದ್ಯಾರು ಅಂತ ಕೇಳ್ತಿದ್ದೆ. ಮಗೂಗೆ ಏನಂತ ಹೇಳ್ಲಿ? ಅದು ಬರೀ ಪಟ ಪುಟ್ಟಿ, ಊಟ ಮಾಡು ಅಂದೆ. ನಿಮ್ಮಪ್ಪ ಒಂದಿನಾನೂ ಆ ಕಡೆ ತಲೆ ಎತ್ತಲಿಲ್ಲ. ನಿಂಗೆ ಆರು ವರ್ಷ ಆದಾಗ ಇಟ್ಟಿಗೆ ಕಟ್ಟಿಸಿಬಿಟ್ರು.'

ನಾನು ಹೊರಡೋಕೆ ಮೊದ್ಲು ಮೇಘಶ್ರೀ ಒಂದೇ ಮಾತು ಕೇಳಿದ್ರು, 'ಗಂಗಾಧರಪ್ಪನೋರೇ, ಇಟ್ಟಿಗೆ ತೆಗೆಸಿ ಕಿಟಕಿ ಕೂರಿಸಿಕೊಡ್ತೀರಾ?' ಬೇಡಮ್ಮ ಅಂತ ಕೈ ಮುಗಿದೆ. 'ಅವ್ಳು ಹೇಳೋಕೆ ಬಂದದ್ದನ್ನ ಈ ಮನೇಲಿ ಯಾರೂ ಕೇಳ್ಲಿಲ್ಲ. ನಾನಾದ್ರೂ ಕೇಳ್ಬೇಕು' ಅಂದ್ರು. ನಾನೇ ಕೂರಿಸಿಕೊಟ್ಟೆ. ಕೂರಿಸೋವಾಗ ಒಂದ್ಸಲಾನೂ ಹೊರಗೆ ನೋಡ್ಲಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದ್ರೆ ಕೇಳಿ. ಆಮೇಲೆ ಎರಡು ಮಳೆಗಾಲ ರಾಮಮ್ಮ ಬಂದು ನಿಂತ್ಲಂತೆ. ಅವ್ಳು ಅಂಗೈ ತೋರಿಸಿದ ದಿನವೇ ಮೇಘಶ್ರೀ ಆಮೇಲೆ ಕಟ್ಟಿದ ಹೊಸ ಲೈನಿನ ಜನಾನ ಎಲ್ಲಾ ಬಂಗ್ಲೆಗೆ ಕರ್ಕಂಡು ಬಂದು ಮಲಗಿಸಿದ್ರು. ಜನ ನಗಾಡಿದ್ರು. ಎರಡು ಸಲಾನೂ ಮಣ್ಣು ಜಾರ್ತು, ಒಂದು ಕೋಳೀನೂ ಸಾಯ್ಲಿಲ್ಲ. ಆಮೇಲೆ ಯಾರೂ ನಗ್ಲಿಲ್ಲ.

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಸಾರ್" ಎಂದರು ಸೌಮ್ಯ ಟೀಚರ್. ಅವರ ದನಿ ಸಣ್ಣಗಿತ್ತು.

ಗಂಗಾಧರಪ್ಪನವರು ಅಜ್ಜಿಯ ಫೋಟೋ ಎತ್ತಿಕೊಂಡು, ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

"ನಾನೂ ಹಂಗೇ ಅಂದ್ಕಂಡಿದ್ದೆ ತಾಯಿ. ಮೊನ್ನೆ ಸೋಮವಾರ ಮೇಘಶ್ರೀ ಫೋನ್ ಮಾಡಿದ್ರು. ಈ ವರ್ಷ ರಾಮಮ್ಮ ಒಬ್ಳೇ ಬಂದಿಲ್ವಂತೆ. ಅವಳ ಹಿಂದೆ ಇನ್ನೂ ನಾಲ್ಕೈದು ಜನ ನಿಂತಿದಾರಂತೆ, ಮಳೇಲಿ ಮುಖ ಸರಿಯಾಗಿ ಕಾಣ್ತಿಲ್ಲ, ನೀವು ಬಂದು ಯಾರು ಅಂತ ಗುರುತು ಹೇಳಿ ಅಂದ್ರು. ದಿನಾ ಫೋನ್ ಮಾಡ್ತಿದಾರೆ. ನಾನು ಹೋಗಿಲ್ಲ."

"ಯಾಕೆ?" ಎಂದ ಉಮೇಶ್.

ಮುದುಕರು ಫೋಟೋ ಕೆಳಗಿಟ್ಟು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು, ಅವಸರವಿಲ್ಲದೆ, ಪಟ ನೋಡುವ ಹಾಗೆ.

"ಎಪ್ಪತ್ತೊಂಬತ್ತರಲ್ಲಿ ಸತ್ತೋರು ಇಬ್ರೇ ಕಣಪ್ಪ. ಉಳಿದೋರು ಯಾರು? ಸತ್ತೋರ ಮುಖ ಆದ್ರೆ ಹೆಂಗೋ ಗುರುತು ಹೇಳಬಹುದು... ಇನ್ನೂ ಬದುಕಿರೋರ ಮುಖ ಅಲ್ಲಿ ಕಂಡ್ರೆ, ಅವ್ರ ಹತ್ರ ಹೋಗಿ ನಾನು ಏನಂತ ಹೇಳ್ಲಿ?"