ಮೂರನೇ ಬಾವಿಯ ಬಾಟಲಿ

ದೀಪ ಆರಿಸಬೇಡಿ, ಹಾಗೇ ಇರಲಿ. ಇದು ಅವರಿವರು ಹೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು. ಅವಳು ನರ್ಸು. ಕಡಲಂಚಿನ ಊರಿನ ಎರಡು ಕೋಣೆಯ ಆರೋಗ್ಯ ಕೇಂದ್ರಕ್ಕೆ ಅವಳೇ ನರ್ಸು, ಅವಳೇ ಡಾಕ್ಟರು, ಕಸ ಗುಡಿಸುವವಳೂ ಅವಳೇ. ದೊಡ್ಡಾಸ್ಪತ್ರೆ ಬೇಕೆಂದರೆ ದೋಣಿಯಲ್ಲಿ ಹೊಳೆ ದಾಟಿ, ಮತ್ತೆರಡು ಗಂಟೆ ಬಸ್ಸು. ಊರವರ ಬಾಯಲ್ಲಿ ಅವಳು ಸಿಸ್ಟರಕ್ಕ.

ಆ ರಾತ್ರಿ ಒಂದು ಹೆರಿಗೆ ಮುಗಿಸಿ ಮನೆಗೆ ಹೊರಟಿದ್ದಳು. ಗಂಟೆ ಒಂದಾಗಿರಬೇಕು. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಮೀನಿನ ಪುಡಿ ಮಾಡುವ ಕಾರ್ಖಾನೆಯ ಹಿಂದಿನ ಕೊಳೆನೀರಿನ ಹೊಂಡ ಗಬ್ಬು ನಾರುತ್ತಿತ್ತು. ಹೊಂಡ ದಾಟಿದರೆ ಮೂರನೇ ಬಾವಿ. ಅದು ಹತ್ತಿರ ಬಂತೆಂದರೆ ಅವಳ ಹೆಜ್ಜೆ ತಾನಾಗಿ ಬೇಗ ಬೇಗ ಬೀಳುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಮೂರು ತಿಂಗಳಿಗೊಮ್ಮೆ ಊರಿನ ಮೂರು ಬಾವಿಯ ನೀರನ್ನು ಮೂರು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಆಚೆ ದಡದ ಪರೀಕ್ಷೆಯವರಿಗೆ ಕಳಿಸುವುದು ಅವಳ ಕೆಲಸ. ಹೋದ ಸಲ ಎರಡು ತುಂಬಿಸುವಷ್ಟರಲ್ಲಿ ದೋಣಿಯವನು "ಕೊಡ್ತೀರೋ, ಹೊರಡ್ಲೋ?" ಅಂತ ಗಂಟಲು ಹರಿದುಕೊಂಡ. ಮೂರನೇ ಬಾವಿ ಊರಿನ ಆ ತುದಿಗೆ. ಎಲ್ಲಾ ಒಂದೇ ನೀರು ತಾನೇ ಅಂದುಕೊಂಡು, ಎರಡನೆಯದರಿಂದಲೇ ಮೂರನೇ ಬಾಟಲಿಯನ್ನೂ ತುಂಬಿಸಿಬಿಟ್ಟಳು. 'ಕುಡಿಯಲು ಯೋಗ್ಯ' ಅಂತ ಬಂತು. ಮೂರನೇ ಬಾವಿಕಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಹಾಗಂತ ಬರೆದವಳೂ ಅವಳೇ.

ಆ ಬಾವಿಯ ಪಕ್ಕದ ಮನೆಯಲ್ಲಿ ಬಲೆ ಹೆಣೆಯುವ ಹೆಂಗಸೊಬ್ಬಳಿದ್ದಳು. ಎಡಗೈಯವಳು. ಅವಳು ಹಾಕಿದ ಗಂಟು ಬೇರೆ ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. "ನನ್ನ ಗಂಡ ಸಿಕ್ಕಿಬಿದ್ದಿದ್ದೂ ಹೀಗೇ" ಅಂತ ನಗುವವಳು. ಒಂದು ಬೆಳಗ್ಗೆ ಕೇಂದ್ರಕ್ಕೆ ಬಂದು ಕೇಳಿದಳು.

"ಸಿಸ್ಟರಕ್ಕ, ನೀರು ಒಂಥರಾ ವಾಸನೆ... ಕುಡೀಬಹುದಾ?"

"ರಿಪೋರ್ಟು ಚೆನ್ನಾಗಿದೆ. ಧೈರ್ಯವಾಗಿ ಕುಡಿ."

ಹದಿನೈದೇ ದಿನ. ವಾಂತಿ, ಭೇದಿ... ದೋಣಿ ಆಚೆ ದಡ ಮುಟ್ಟುವ ಮೊದಲೇ ಜೀವ ಹೋಯಿತು. ಎರಡು ಪುಟ್ಟ ಹೆಣ್ಣುಮಕ್ಕಳು ಉಳಿದವು. ಆ ಮಕ್ಕಳು, ಆ ಸಾಲಿನ ಹನ್ನೊಂದು ಮನೆಯವರು, ಎಲ್ಲರೂ ಅದೇ ನೀರು ಕುಡಿಯುತ್ತಲೇ ಇದ್ದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಅಂತ ನನ್ನ ತಂಗಿ ಬಾಯಿ ಹೊಲಿದುಕೊಂಡಿದ್ದಳು. ನಿದ್ದೆ ಮಾತ್ರ ಬರುತ್ತಿರಲಿಲ್ಲ, ಪಾಪ. ಪಾಪ ಅನ್ನಬೇಕೋ ಬೇಡವೋ, ನನಗಿನ್ನೂ ಗೊತ್ತಾಗಿಲ್ಲ.

ಸರಿ. ಬಾವಿಗೆ ಇನ್ನು ಹತ್ತು ಹೆಜ್ಜೆ ಅನ್ನುವಾಗ...

ಕಿರ್ರ್... ಕಿರ್ರ್... ರಾಟೆಯ ಸದ್ದು.

ಇಷ್ಟು ಹೊತ್ತಿನಲ್ಲಿ ನೀರು ಸೇದುವವರು ಯಾರು? ಬಾವಿಯತ್ತ ಟಾರ್ಚು ಬಿಟ್ಟಳು. ಹಗ್ಗ ಮೇಲೆ ಬರುತ್ತಿದೆ. ಎಳೆಯುವ ಕೈ ಇಲ್ಲ. ಕೊಡ ಕಲ್ಲಿಗೆ ತಾಗಿತು... ಠಣ್. ಆಮೇಲೆ ಹನಿ ಬೀಳುವುದು. ತೊಟ್... ತೊಟ್... ಟಾರ್ಚು ಆರಿಸಿದ್ದು ಅವಳೇ. ನೋಡಲಾಗಲಿಲ್ಲವಂತೆ.

ಕಿವಿಯ ಪಕ್ಕದಲ್ಲೇ ಪಿಸುಮಾತು.

"ಸಿಸ್ಟರಕ್ಕ..."

"ಯಾ... ಯಾರು?"

"ಕುಡೀಬಹುದಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಮಕ್ಕಳಿಗೆ ಬಾಯಾರಿಕೆ... ಕೊಡ್ಲಾ?"

"ಬೇಡ! ಬೇಡ ಕಣೇ... ಈ ಬಾವಿ ನೀರು ನಾನು ಕಳಿಸೇ ಇಲ್ಲ. ಸುಳ್ಳು ಹೇಳ್ದೆ. ಯಾರಿಗೂ ಕೊಡ್ಬೇಡ."

ಆಮೇಲೆ ಗುಳು ಗುಳು ಗುಳು... ಸಣ್ಣ ಬಾಯಿಗೆ ನೀರು ತುಂಬುವಾಗ ಬರುತ್ತದಲ್ಲ, ಅದೇ. ಅವಳು ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಬೆಳಕು ಹರಿಯುವಾಗ ಚೀಲ ತೆಗೆದು ನೋಡಿದಳು. ಮುಂದಿನ ಸಲಕ್ಕೆಂದು ಇಟ್ಟುಕೊಂಡಿದ್ದ ಮೂರು ಖಾಲಿ ಬಾಟಲಿಗಳಲ್ಲಿ ಒಂದು ತುಂಬಿತ್ತು.

ಮುಖ ಕೂಡ ತೊಳೆಯದೆ ಹೋಗಿ ಕಟ್ಟೆಯ ಮೇಲಿನ ಬರಹ ಕೆರೆದು ಹಾಕಿದಳು. ಹನ್ನೊಂದು ಮನೆಯ ಬಾಗಿಲು ತಟ್ಟಿ ಹೇಳಿದಳು. ಬಲೆಯವಳ ಗಂಡ ಒಳಗಿಂದ ತುಂಬಿದ ಕೊಡ ತಂದು ಅವಳ ಕಾಲಬುಡದಲ್ಲೇ ಚೆಲ್ಲಿದ. ಅವಳು ಮೊದಲ ದೋಣಿಗೆ ಆಚೆ ದಡಕ್ಕೆ ಹೋಗಿ, ಬಾಟಲಿ ಮೇಜಿನ ಮೇಲಿಟ್ಟು, ಮಾಡಿದ್ದನ್ನೆಲ್ಲ ಬರೆದುಕೊಟ್ಟಳು. ನೀರು ವಿಷ ಅಂತ ಬಂತು. ಬಾವಿಗೆ ಹಲಗೆ ಹೊಡೆದರು. ಅವಳ ಕೆಲಸ ಹೋಯಿತು. ಕಾರ್ಖಾನೆಯ ಹೊಂಡ ಮಾತ್ರ ಇವತ್ತಿಗೂ ನಾರುತ್ತಲೇ ಇದೆ, ಅದನ್ನು ಕೇಳುವವರಿಲ್ಲ.

ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ. ಆ ಬಾಟಲಿಯ ಮುಚ್ಚಳಕ್ಕೆ ಬಲೆಯ ದಾರ ಸುತ್ತಿ ಗಂಟು ಹಾಕಿತ್ತು. ಪರೀಕ್ಷೆಯವನು ಬಿಚ್ಚಲು ಹೋಗಿ ಹೋಗಿ ಸೋತು, ಕೊನೆಗೆ ಬ್ಲೇಡಿನಿಂದ ಕೊಯ್ದ. ದಾರ ನನ್ನ ತಂಗಿಯ ಮನೆಯಲ್ಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಡಗೈಯವರು ಹಾಕಿದ ಗಂಟು. ನನ್ನ ತಂಗಿ ಬಲಗೈಯವಳು.